ಚಾಂದನಿಯ ದಮ್ಮು, ಅಟ್ಟದ ಮೇಲಿನ ಹುಲ್ಲು

ಹಾಸನದ ಸಂತೆಪೇಟೆ ಹತ್ತಿರ ನನ್ನದೊಂದು ಮೆಡಿಕಲ್ ಶಾಪ್ ಇದೆ. ಉಬ್ಬಸದ ಗಿರಾಕಿಗಳು ನನಗೆ ಹೊಸಬರಲ್ಲ. ಮಳೆ ಹಿಡಿಯಿತೆಂದರೆ ಶುರು, ಮಾಗಿ ಚಳಿ ಮುಗಿಯುವವರೆಗೂ ಬರುತ್ತಲೇ ಇರುತ್ತಾರೆ. ಇನ್‌ಹೇಲರ್ ಅಂದರೆ ಹೆದರುವವರು, ದಿನಾ ತೆಗೆದುಕೊಳ್ಳಬೇಕಾದ್ದನ್ನು ಬಿಟ್ಟು ನೀಲಿ ಪಂಪು ಮಾತ್ರ ಕೇಳುವವರು, ‘ಚಟ ಆಗಲ್ಲ ಅಲ್ವಾ ಮೇಡಂ’ ಅಂತ ಪ್ರತಿ ಸಲವೂ ಕೇಳಿ ಪ್ರತಿ ಸಲವೂ ಕೊಂಡುಹೋಗುವವರು, ಎಲ್ಲರೂ ಪರಿಚಯ. ಆದರೆ ಕೆಮ್ಮಿನ ಸಿರಪ್ಪನ್ನು ಡಜನ್ ಲೆಕ್ಕದಲ್ಲಿ ಕೇಳಿದವರು ಒಬ್ಬರೇ. ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆ ಕೊಡುವ ಭಾಯ್.

“ಯಾರಿಗೆ ಭಾಯ್ ಇಷ್ಟೊಂದು?”

“ಚಾಂದನಿಗೆ ಅಕ್ಕಾ. ಒಂದು ಸಲಕ್ಕೆ ಒಂದು ಬಾಟ್ಲಿ ಬೇಕು ಅವಳಿಗೆ. ಆದ್ರೂ ಕೆಮ್ಮು ನಿಲ್ತಿಲ್ಲ.”

ಚಾಂದನಿ ಅವರ ಬಿಳಿ ಹೆಣ್ಣು ಕುದುರೆ. ಈ ಊರಿನ ಎಷ್ಟೋ ಮದುವೆ ಆಲ್ಬಮ್ಮುಗಳಲ್ಲಿ ಅವಳಿದ್ದಾಳೆ. ವಯಸ್ಸು 14. ಜ್ವರ ಇಲ್ಲ, ಮೇವು ಬಿಟ್ಟಿಲ್ಲ, ಕಣ್ಣು ಚುರುಕಾಗಿಯೇ ಇದೆ. ಆದರೆ ಹುಲ್ಲಿಗೆ ಬಾಯಿ ಹಾಕಿದ ಕೂಡಲೇ ಕೆಮ್ಮು. ಮೆರವಣಿಗೆ ಹೊರಟ ಮೊದಲ ಹತ್ತಿಪ್ಪತ್ತು ಹೆಜ್ಜೆಗೆ ಮತ್ತೆ ಕೆಮ್ಮು. ಆಮೇಲೆ ಮೂಗಿಂದ ಬಿಳಿ ಲೋಳೆ. ಒಂದು ಮದುವೆಯಲ್ಲಿ ಗಂಡಿನ ಚಿಕ್ಕಪ್ಪ “ಇದೇನು ಅಪಶಕುನ” ಅಂತ ಗಂಡನ್ನು ಕೆಳಗಿಳಿಸಿ ಕಾರಿಗೆ ಹತ್ತಿಸಿದರಂತೆ. ಬಾಡಿಗೆ ಅರ್ಧ ಮಾತ್ರ ಕೊಟ್ಟರಂತೆ.

ಅದಕ್ಕೂ ಮುಂಚೆ ಯಾರೋ ಬಂದು ಆಂಟಿಬಯೋಟಿಕ್ ಇಂಜೆಕ್ಷನ್ ಹಾಕಿ ಹೋಗಿದ್ದರು. ಕಮ್ಮಿಯಾಗಲಿಲ್ಲ ಅಂತ ಇನ್ನೊಂದು ಸುತ್ತು ಹಾಕಿದರು. ದುಡ್ಡು ಹೋಯಿತು, ಕೆಮ್ಮು ಉಳಿಯಿತು. ಸಿರಪ್ಪಿನ ಐಡಿಯಾ ಭಾಯ್‌ದೇ. ಅವರ ಮೊಮ್ಮಗನಿಗೆ ಅದು ಹಿಡಿಸಿತ್ತು, ಕುದುರೆಗೂ ಹಿಡಿಸಬಹುದು ಅಂತ. ಅದರಲ್ಲಿ ಇರುವುದು ಸಾಲ್ಬುಟಮಾಲ್, ಬಿಗಿದ ಉಸಿರುಕೊಳವೆ ಸಡಿಲ ಮಾಡುವ ಔಷಧಿ. ಮಕ್ಕಳಿಗೆ ಬಾಯಲ್ಲಿ ಕೊಟ್ಟರೆ ಕೆಲಸ ಮಾಡುತ್ತದೆ. ಕುದುರೆಯ ಹೊಟ್ಟೆಗೆ ಹೋದರೆ ರಕ್ತಕ್ಕೆ ಸೇರುವುದು ತೀರಾ ಕಮ್ಮಿ. ಒಂದು ಬಾಟಲಿ ಅಲ್ಲ, ಒಂದು ಕ್ರೇಟ್ ಕುಡಿಸಿದರೂ ಹಣೆಬರಹ ಅಷ್ಟೇ. ಜೊತೆಗೆ ಅದು ಚೀಟಿ ಇಲ್ಲದೆ ಕೊಡುವ ಔಷಧಿಯೂ ಅಲ್ಲ. ನಾನು ಕೊಡಲಿಲ್ಲ. ನಮ್ಮೂರಲ್ಲೇ ವೆಟರ್ನರಿ ಕಾಲೇಜಿದೆ, ಅಲ್ಲಿ ವಿಚಾರಿಸಿ ಅಂದೆ. ಅವರು ವಿಚಾರಿಸಿದರು. ಕುದುರೆ ನೋಡಿ ಅಭ್ಯಾಸ ಇರುವ ಒಬ್ಬ ಡಾಕ್ಟರ ನಂಬರ್ ಸಿಕ್ಕಿತು. ಭಾನುವಾರ ಬರುತ್ತೇನೆ ಅಂದರು. ಭಾನುವಾರ ನನ್ನ ಅಂಗಡಿ ಅರ್ಧ ದಿನ. ನಾನೂ ಹೋದೆ.

ಸುಮ್ನೆ ಕುತೂಹಲಕ್ಕೆ ಹೋದೆ ಅಂದರೆ ಸುಳ್ಳಾಗುತ್ತದೆ. ನಮ್ಮ ಅಮ್ಮನಿಗೆ ದಮ್ಮು ಇತ್ತು. ಅರಕಲಗೂಡು ಕಡೆಯ ಹಳ್ಳಿ ಮನೆ, ಕೊಟ್ಟಿಗೆ ಮೇಲೆ ಅಟ್ಟ, ಅಟ್ಟದ ತುಂಬ ಹುಲ್ಲು. ಅಮ್ಮ ಹುಲ್ಲು ಕೆಡವಿದ ರಾತ್ರಿ ಕೂತೇ ಬೆಳಗು ಮಾಡುತ್ತಿದ್ದರು. ಹಾಗಾಗಿ ಹುಲ್ಲು ತಿನ್ನುವಾಗ ಕೆಮ್ಮುತ್ತಾಳೆ ಅಂತ ಭಾಯ್ ಹೇಳಿದಾಗಲೇ ಇದೂ ದಮ್ಮೇ, ಅಂದರೆ ಅಸ್ತಮಾ ಇರಬಹುದು ಅಂತ ನನಗೆ ಒಂದು ಅನುಮಾನ ಇತ್ತು.

ರಿಂಗ್ ರೋಡಿನ ಆಚೆ ಅವರ ಶೆಡ್ಡು. ಮೇಲೆ ಶೀಟು, ಮೂರು ಕಡೆ ಇಟ್ಟಿಗೆ ಗೋಡೆ, ನಾಲ್ಕನೇ ಕಡೆಗೆ ನೀಲಿ ಟಾರ್ಪಾಲು, ಸಂದಿಗಳಿಗೆ ಗೋಣಿಚೀಲ ತುರುಕಿದ್ದರು. ಭಾಯ್ ಹೆಮ್ಮೆಯಿಂದ ತೋರಿಸಿದರು: “ಒಂದ್ ಚೂರು ಗಾಳಿ ಒಳಗೆ ಬರಲ್ಲ ಸಾರ್.” ಅಟ್ಟದ ಮೇಲೆ ಭತ್ತದ ಹುಲ್ಲಿನ ಬೇಲುಗಳು. ಕೆಳಗೆ ಹಾಸು ಅಂತ ಭತ್ತದ ಹೊಟ್ಟು. ಮೂಲೆಯಲ್ಲಿ ಒಂದು ಹಳೇ ಬಾಣಲೆ. ಸಂಜೆ ಅದರಲ್ಲಿ ಒಣ ಲದ್ದಿ, ಬೇವಿನ ಸೊಪ್ಪು ಹಾಕಿ ಹೊಗೆ ಎಬ್ಬಿಸುತ್ತಾರೆ, ಸೊಳ್ಳೆ ಕಚ್ಚಬಾರದು ಅಂತ. ಇಷ್ಟು ಜತನವಾಗಿ ಸಾಕಿದ ಕುದುರೆಯನ್ನು ನಾನು ನೋಡಿಲ್ಲ. ಮೈ ಉಜ್ಜಿ ಉಜ್ಜಿ ಹೊಳೆಯುತ್ತಿತ್ತು. ಬಾಲಕ್ಕೆ ಎಣ್ಣೆ ಬೇರೆ.

ಡಾಕ್ಟರು ಒಳಗೆ ಬಂದವರು ಕುದುರೆಯನ್ನು ಮುಟ್ಟಲೇ ಇಲ್ಲ. ಬಾಗಿಲ ಪಕ್ಕ ನಿಂತು ಸುಮ್ಮನೆ ಅವಳ ಪಕ್ಕೆ ನೋಡುತ್ತಿದ್ದರು. ನನಗೂ ನೋಡಲು ಹೇಳಿದರು. ಆರಾಮಾಗಿ ನಿಂತ ಕುದುರೆ ನಿಮಿಷಕ್ಕೆ 8ರಿಂದ 16 ಸಲ ಉಸಿರಾಡುತ್ತದೆ, ಅದು ಕಣ್ಣಿಗೆ ಕಾಣುವುದೇ ಕಷ್ಟ. ಚಾಂದನಿಯದು 30 ದಾಟಿತ್ತು. ಹೊಳ್ಳೆ ಅರಳಿಕೊಂಡೇ ಇತ್ತು, ಮುಚ್ಚುತ್ತಿರಲಿಲ್ಲ. ಉಸಿರು ಬಿಡುವಾಗ ಹೊಟ್ಟೆ ಒಂದು ಸಲ ಒಳಗೆ ಹೋಗಿ, ಅಲ್ಲಿಗೆ ನಿಲ್ಲದೆ, ಇನ್ನೊಂದು ಸಲ ಹಿಂಡಿಕೊಳ್ಳುತ್ತಿತ್ತು. ಎರಡು ದಮ್ಮಿನಲ್ಲಿ ಒಂದು ಉಸಿರು. ಆ ಎರಡನೇ ಹಿಂಡುವಿಕೆಗೆ ಹಿಂಭಾಗದ ಗುದದ್ವಾರವೂ ಮುಂದಕ್ಕೆ ಹಿಂದಕ್ಕೆ ಆಡುತ್ತಿತ್ತು. ಪಕ್ಕೆಲುಬು ಮುಗಿಯುವ ಕಡೆ, ಹೊಟ್ಟೆಯ ಉದ್ದಕ್ಕೆ ಓರೆಯಾಗಿ ಒಂದು ಗೆರೆ ಎದ್ದಿತ್ತು. ಭಾಯ್ ಅದನ್ನು ಮೈಕಟ್ಟು ಅಂದುಕೊಂಡಿದ್ದರು. ತಿಂಗಳುಗಟ್ಟಲೆ ಗಾಳಿಯನ್ನು ಬಲವಂತವಾಗಿ ಹೊರಗೆ ನೂಕಿ ನೂಕಿ ಆ ಸ್ನಾಯು ದಪ್ಪವಾಗಿರುವುದು ಅಂತ ಡಾಕ್ಟರು ಹೇಳಿದರು.

ಇದನ್ನು ನೋಡಿದ ಮೇಲೆ ಒಂದು ವಿಷಯ ನನ್ನ ತಲೆಯಿಂದ ಹೋಗಲೇ ಇಲ್ಲ. ಉಬ್ಬಸ ಬಂದ ಮನುಷ್ಯ ಬಾಯಿ ತೆರೆದು ಉಸಿರೆಳೆಯುತ್ತಾನೆ. ನಮ್ಮ ಅಮ್ಮ ಹಾಗೇ ಮಾಡುತ್ತಿದ್ದರು. ಕುದುರೆಗೆ ಆ ದಾರಿಯೇ ಇಲ್ಲ. ಅದರ ಗಂಟಲಿನ ಮೆತ್ತನೆಯ ಅಂಗಳ ಬಾಯಿಯ ದಾರಿಯನ್ನು ಪೂರ್ತಿ ಮುಚ್ಚಿಕೊಂಡಿರುತ್ತದೆ. ಎಳೆದರೂ ಬಿಟ್ಟರೂ ಮೂಗಿನಿಂದಲೇ. ಅದೇ ಮೂಗು ಮೇವಿನೊಳಗೆ ಹುದುಗಿರುತ್ತದೆ, ದಿನಕ್ಕೆ ಎಷ್ಟೋ ಗಂಟೆ. ಸುಮ್ಮನೆ ನಿಂತಾಗಲೇ ಕುದುರೆ ನಿಮಿಷಕ್ಕೆ ಹತ್ತಿರತ್ತಿರ 60 ಲೀಟರ್ ಗಾಳಿ ಎಳೆಯುತ್ತದೆ, ನಮ್ಮ ಹತ್ತು ಪಟ್ಟು. ಜೋರಾಗಿ ಓಡುವಾಗ ಅದು ಸಾವಿರ ಲೀಟರ್ ದಾಟುತ್ತದೆ. ಆ ಗಾಳಿಯಲ್ಲಿ ಏನಿದೆಯೋ ಅದೆಲ್ಲ ಒಳಗೆ.

ಏನಿತ್ತು ಅನ್ನುವುದನ್ನು ಡಾಕ್ಟರೇ ತೋರಿಸಿದರು. ಕುದುರೆಯನ್ನು ಹೊರಗೆ ಕಟ್ಟಿಸಿ, ಅಟ್ಟದಿಂದ ಒಂದು ಬೇಲ್ ಇಳಿಸಿ, ಟಾರ್ಪಾಲು ಸರಿಸಿ ಬಿಸಿಲು ಬೀಳುವ ಜಾಗದಲ್ಲಿ ಬಿಚ್ಚಿಸಿದರು. ಹೊರಗಿನಿಂದ ಬೇಲ್ ಚಿನ್ನದ ಬಣ್ಣಕ್ಕೆ ಚೆನ್ನಾಗಿಯೇ ಇತ್ತು. ಒಳಗೆ ಮಧ್ಯದ ಪದರಗಳು ಒಂದಕ್ಕೊಂದು ಅಂಟಿಕೊಂಡು ಬೂದು ಬಣ್ಣಕ್ಕೆ ತಿರುಗಿದ್ದವು. ಕೈಯಲ್ಲಿ ಹಿಡಿದು ಒಂದು ಸಲ ಕೊಡವಿದರು. ಬಿಸಿಲಿನ ಕೋಲಿನಲ್ಲಿ ಎದ್ದ ಧೂಳು ಎಷ್ಟು ಹೊತ್ತಾದರೂ ಕೂರಲಿಲ್ಲ. ನನ್ನ ಮೂಗು ಆಗಲೇ ಕಟ್ಟಿತ್ತು. ಮುಗ್ಗಲು ವಾಸನೆ, ಜೊತೆಗೆ ಸ್ವಲ್ಪ ಸಿಹಿ ಸಿಹಿ. ಬೂಷ್ಟಿನ ಬೀಜಕಣಗಳು, ಆಸ್ಪರ್ಜಿಲಸ್ ಜಾತಿಯವು, ಜೊತೆಗೆ ಬ್ಯಾಕ್ಟೀರಿಯಾದ ಚೂರುಗಳು, ಉಣುಗಿಗಿಂತ ಸಣ್ಣ ಹುಲ್ಲುಹುಳ, ಎಲ್ಲ ಸೇರಿ ಆ ಧೂಳು. ಕಣ್ಣಿಗೆ ಕಾಣುವ ಧೂಳು ಮೂಗಲ್ಲೇ ನಿಲ್ಲುತ್ತದೆ, ಅದರ ಚಿಂತೆ ಇಲ್ಲ. 5 ಮೈಕ್ರಾನಿಗಿಂತ ಸಣ್ಣದು ಶ್ವಾಸಕೋಶದ ತುದಿಯವರೆಗೂ ಇಳಿಯುತ್ತದೆ. ಬೂಷ್ಟಿನ ಬೀಜಕಣ ಆ ಅಳತೆಯದು.

ಇದು ಈಚಿನ ವರ್ಷಗಳ ಕಾಟ. ಮುಂಚೆ ಕೈಯಲ್ಲಿ ಕೊಯ್ದು, ಅರಿ ಹಾಕಿ ಒಣಗಿಸಿ, ಕಣದಲ್ಲಿ ಬಡಿದು, ಆಮೇಲೆ ಬಣವೆ ಒಟ್ಟುತ್ತಿದ್ದರು. ಬಣವೆ ಒಟ್ಟುವುದು ಗೊತ್ತಿದ್ದವರು ಒಟ್ಟಿದರೆ ಮಳೆನೀರು ಮೇಲಿಂದ ಜಾರಿ ಹೋಗುತ್ತಿತ್ತು. ಈಗ ಹೇಮಾವತಿ ನಾಲೆ ಬಯಲಿನಲ್ಲಿ ಎಲ್ಲ ಮಿಷನ್ ಕೊಯ್ಲು. ಮಿಷನ್ ಹೋದ ಹಿಂದೆಯೇ ಬೇಲರ್ ಬರುತ್ತದೆ, ಬಾಡಿಗೆ ಗಂಟೆ ಲೆಕ್ಕ, ಒಣಗುವವರೆಗೆ ಕಾಯುವವರು ಯಾರು? ಕೊಯ್ಲಿನ ಹೊತ್ತಿಗೆ ಒಂದು ಅಕಾಲ ಮಳೆ ಬೀಳದ ವರ್ಷವೇ ಇಲ್ಲ ಅನ್ನುವಂತಾಗಿದೆ. ಹಸಿ ಹುಲ್ಲನ್ನು ಒತ್ತಿ ಕಟ್ಟಿದರೆ ಬೇಲಿನ ಹೊಟ್ಟೆ ಬಿಸಿಯಾಗುತ್ತದೆ, ಬೂಷ್ಟಿಗೆ ಅಷ್ಟು ಸಾಕು. ಹಸು ಎಮ್ಮೆ ಅದನ್ನು ತಿಂದು ಹೇಗೋ ತಡೆದುಕೊಂಡಿವೆ. ಕುದುರೆಯ ಶ್ವಾಸಕೋಶ ತಡೆದುಕೊಳ್ಳುವುದಿಲ್ಲ.

ಆಮೇಲೆ ಡಾಕ್ಟರು ನಮ್ಮಿಬ್ಬರನ್ನೂ ಹೊಟ್ಟಿನ ಮೇಲೆ ಕುಕ್ಕರಗಾಲಲ್ಲಿ ಕೂರಲು ಹೇಳಿದರು. ಕುದುರೆ ಮಲಗಿದಾಗ ಅದರ ಮೂಗು ಇರುವ ಎತ್ತರ ಅದು. ಅರ್ಧ ನಿಮಿಷದಲ್ಲಿ ನನ್ನ ಕಣ್ಣಲ್ಲಿ ನೀರು. ಗಂಜಲದ ಅಮೋನಿಯಾ. ನಿಂತಾಗ ಅಷ್ಟು ಗೊತ್ತಾಗಿರಲಿಲ್ಲ. ಭಾಯ್ ಏನೂ ಮಾತಾಡಲಿಲ್ಲ, ಎದ್ದು ಹೋಗಿ ಟಾರ್ಪಾಲಿನ ಹಗ್ಗ ಬಿಚ್ಚಿಬಿಟ್ಟರು.

ಇಲ್ಲಿ ಮದುವೆ ಕುದುರೆಗಳ ಒಂದು ವಿಶೇಷ ಸಂಕಟ ಇದೆ. ಆಷಾಢದಲ್ಲಿ ಮದುವೆ ಇಲ್ಲ. ಜಿಟಿಜಿಟಿ ಮಳೆ, ಕೆಲಸ ಇಲ್ಲ, ಕುದುರೆ ಹಗಲೂ ರಾತ್ರಿ ಶೆಡ್ಡಲ್ಲೇ. ಅಟ್ಟದ ಹುಲ್ಲು ತೇವ ಎಳೆದುಕೊಳ್ಳುತ್ತದೆ. ಶೀತ ಆದೀತು ಅಂತ ಟಾರ್ಪಾಲು ಇನ್ನೂ ಬಿಗಿಯಾಗುತ್ತದೆ. ಸೊಳ್ಳೆ ಜಾಸ್ತಿ, ಅದಕ್ಕೆ ಹೊಗೆಯೂ ಜಾಸ್ತಿ. ಶ್ರಾವಣ ಬಂದು ಲಗ್ನಗಳು ಶುರುವಾದಾಗ ಕುದುರೆ ಕೆಮ್ಮುತ್ತಾ ಹೊರಗೆ ಬರುತ್ತದೆ. ಎಲ್ಲರೂ ಮಳೆಯನ್ನು ಬೈಯುತ್ತಾರೆ. ಮಳೆಯಲ್ಲಿ ನೆನೆದು ಈ ರೋಗ ಬರುವುದಿಲ್ಲ. ಮೈ ಒಣಗಿಸಿಕೊಳ್ಳಲು ಒಂದು ಸೂರು, ಓಡಾಡುವ ಗಾಳಿ ಇದ್ದರೆ ನಮ್ಮ ಹಾಸನದ ಚಳಿ ಕುದುರೆಗೆ ಒಂದು ಚಳಿಯೇ ಅಲ್ಲ.

ರೋಗ ಯಾವುದು ಅಂತ ನಿಕ್ಕಿ ಮಾಡುವ ಮುಂಚೆ ಡಾಕ್ಟರು ಬೇರೆ ಕೆಲವನ್ನು ತಳ್ಳಿಹಾಕಬೇಕಿತ್ತು. ಜ್ವರ ನೋಡಿದರು, ದವಡೆ ಕೆಳಗೆ ಗಂಟು ಇದೆಯಾ ಅಂತ ಮುಟ್ಟಿ ನೋಡಿದರು, ಕುದುರೆ ಜ್ವರದ ಸೋಂಕುಗಳು ಹಾಗೇ ತೋರುತ್ತವೆ. ಹತ್ತಿರದಲ್ಲಿ ಕತ್ತೆ ಇದೆಯಾ ಅಂತಲೂ ಕೇಳಿದರು. ಕತ್ತೆಯಿಂದ ಬರುವ ಒಂದು ಶ್ವಾಸಕೋಶದ ಹುಳವೂ ಕೆಮ್ಮು ತರಿಸುತ್ತದಂತೆ. ಗ್ಲ್ಯಾಂಡರ್ಸ್ ಪರೀಕ್ಷೆಗೆ ರಕ್ತ ತೆಗೆದರು. ಅದು ಮಾತ್ರ ಹುಡುಗಾಟದ ರೋಗ ಅಲ್ಲ. ಮನುಷ್ಯರಿಗೂ ಹತ್ತುತ್ತದೆ, 2009ರ ಪ್ರಾಣಿ ರೋಗಗಳ ಕಾಯ್ದೆ ಪ್ರಕಾರ ಸರ್ಕಾರಕ್ಕೆ ತಿಳಿಸಲೇಬೇಕು, ಬಂದ ಕುದುರೆಯನ್ನು ಉಳಿಸಿಕೊಳ್ಳಲು ಬಿಡುವುದಿಲ್ಲ. ಹರಿಯಾಣದ ಹಿಸಾರ್‌ನಲ್ಲಿ ಕುದುರೆಗಳದ್ದೇ ರಾಷ್ಟ್ರೀಯ ಸಂಶೋಧನಾ ಕೇಂದ್ರ ಇದೆ, ಈ ರೋಗದ ವಿಷಯದಲ್ಲಿ ಕೊನೆಯ ಮಾತು ಅವರದ್ದು. ರಿಪೋರ್ಟ್ ಬರುವವರೆಗೆ ಭಾಯ್ ಮುಖ ನೋಡಲಾಗುತ್ತಿರಲಿಲ್ಲ. ಇಲ್ಲ ಅಂತ ಬಂತು. ಅವತ್ತು ನಮ್ಮ ಅಂಗಡಿಗೆ ಜಿಲೇಬಿ ಬಂತು.

ಪಕ್ಕಾ ಆಗಬೇಕೆಂದರೆ ಇನ್ನೊಂದು ಪರೀಕ್ಷೆ ಇದೆ. ಕುದುರೆಗೆ ಮಂಪರು ಕೊಟ್ಟು, ಮೂಗಿನಿಂದ ಶ್ವಾಸಕೋಶಕ್ಕೆ ಉದ್ದನೆಯ ಕೊಳವೆ ಇಳಿಸಿ, ಸಲೈನ್ ಬಿಟ್ಟು ವಾಪಸ್ ಎಳೆಯುತ್ತಾರೆ. ಅದರಲ್ಲಿ ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣ ಎಷ್ಟಿದೆ ಅಂತ ಎಣಿಸುತ್ತಾರೆ. ಚೆನ್ನಾಗಿರುವ ಕುದುರೆಯಲ್ಲಿ ನೂರಕ್ಕೆ 5ರ ಆಸುಪಾಸು. ಜೋರಾದ ಅಸ್ತಮಾದಲ್ಲಿ 25 ದಾಟುತ್ತದೆ. ಚಾಂದನಿಗೆ ಅದು ಬೇಕಾಗಲಿಲ್ಲ. ವಯಸ್ಸು, ಹೊಟ್ಟೆಯ ಆ ಎರಡನೇ ಹಿಂಡುವಿಕೆ, ಜ್ವರ ಇಲ್ಲದಿರುವುದು, ಹುಲ್ಲಿನ ಜೊತೆ ಬರುವ ಕೆಮ್ಮು, ಇಷ್ಟೇ ಸಾಕು ಅಂದರು. ಜೋರಾದ ರೂಪ ಸಾಮಾನ್ಯವಾಗಿ 7 ವರ್ಷ ದಾಟಿದ ಕುದುರೆಗಳಿಗೇ ಬರುವುದು. ಹಿಂದೆ ಇದಕ್ಕೆ ಮನುಷ್ಯರ ಸಿಒಪಿಡಿ, ಅಂದರೆ ಉಸಿರುಕೊಳವೆ ಕಟ್ಟಿಕೊಳ್ಳುವ ದೀರ್ಘಕಾಲದ ಶ್ವಾಸಕೋಶದ ರೋಗದ ಹೆಸರನ್ನೇ ಇಡುತ್ತಿದ್ದರು. ಆದರೆ ಬೀಡಿ ಸೇದಿ ಹಾಳಾದ ಶ್ವಾಸಕೋಶ ಬೀಡಿ ಬಿಟ್ಟರೂ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಕುದುರೆಯದ್ದು ಹಾಗಲ್ಲ, ಧೂಳು ತಪ್ಪಿಸಿದರೆ ಬಿಗಿದ ಉಸಿರುಕೊಳವೆಗಳು ಬಹಳ ಮಟ್ಟಿಗೆ ಬಿಚ್ಚಿಕೊಳ್ಳುತ್ತವೆ. ಅದಕ್ಕೇ ಈಗ ಅಸ್ತಮಾ ಅನ್ನುತ್ತಾರೆ. ಅಂಟುರೋಗ ಅಲ್ಲ. ವಾಸಿಯಾಗಿ ಮುಗಿದುಹೋಗುವ ರೋಗವೂ ಅಲ್ಲ.

ಡಾಕ್ಟರು ಚೀಟಿ ಬರೆಯುವ ಮುಂಚೆ ಹೇಳಿದ ಮಾತು ನನಗೆ ಇಷ್ಟವಾಯಿತು. “ಹುಲ್ಲು ಬದಲಾಗಲ್ಲ ಅಂದ್ರೆ ಈ ಚೀಟಿ ತಗೊಂಡು ಹೋಗ್ಬೇಡಿ. ಔಷಧಿ ಕೊಟ್ಟು ಕೊಳವೆ ಅಗಲ ಮಾಡಿ, ಅದೇ ಧೂಳಲ್ಲಿ ನಿಲ್ಲಿಸಿದ್ರೆ ಧೂಳು ಇನ್ನೂ ಆಳಕ್ಕೆ ಹೋಗುತ್ತೆ ಅಷ್ಟೇ.” ಔಷಧಿ ಮಾರಿ ಬದುಕುವವಳು ನಾನು. ಆದರೂ ಹೇಳುತ್ತೇನೆ, ನನ್ನ ಕೌಂಟರಿಗೆ ಬರುವ ಅರ್ಧ ಉಬ್ಬಸಕ್ಕೆ ಈ ಮಾತು ಹೇಳುವವರಿಲ್ಲ. ಗೋಡೆಯ ಬೂಷ್ಟು ಕೆರೆದು ಸುಣ್ಣ ಹೊಡೆಸಿ ಅಂದರೆ ‘ಇನ್ನೊಂದು ಸ್ಟ್ರಾಂಗ್ ಮಾತ್ರೆ ಕೊಡಿ ಮೇಡಂ’ ಅನ್ನುತ್ತಾರೆ.

ಹುಲ್ಲು ಅಟ್ಟದಿಂದ ಇಳಿಯಿತು. ಕೆಟ್ಟ ಬೇಲುಗಳು ತಿಪ್ಪೆಗೆ, ಉಳಿದವು ಪಕ್ಕದ ಮನೆಯವರ ಹಸುಗಳಿಗೆ. ಭತ್ತದ ಹೊಟ್ಟು ತೆಗೆದು, ದನದ ಕೊಟ್ಟಿಗೆಗೆ ಹಾಕುವ ರಬ್ಬರ್ ಮ್ಯಾಟ್ ಹಾಸಿದರು, ದಿನಾ ತೊಳೆಯುತ್ತಾರೆ. ಕಸ ಗುಡಿಸುವಾಗ ಕುದುರೆ ಹೊರಗೆ. ಹೊಗೆ ಬಾಣಲೆ ಬಂದ್, ಬದಲಿಗೆ ಸೊಳ್ಳೆ ಪರದೆಯ ಬಟ್ಟೆ. ಟಾರ್ಪಾಲು ಮಳೆ ಅಡ್ಡ ಹೊಡೆಯುವ ದಿನ ಮಾತ್ರ. ಎತ್ತರದಲ್ಲಿ ಗೋಡೆಗೆ ಕಟ್ಟಿದ್ದ ಮೇವಿನ ಬಲೆ ಬಿಚ್ಚಿ ಮೇವನ್ನು ನೆಲದ ಮಟ್ಟಕ್ಕೆ ತಂದರು. ತಲೆ ತಗ್ಗಿಸಿ ತಿಂದರೆ ಕೊಳವೆಯಲ್ಲಿನ ಲೋಳೆ ತಾನಾಗಿ ಕೆಳಕ್ಕೆ ಹರಿದು ಬರುತ್ತದೆ. ಮೆರವಣಿಗೆಯಲ್ಲಿ ಚೆಂದ ಕಾಣಲಿ ಅಂತ ತಲೆ ಮೇಲಕ್ಕೆ ಎಳೆದು ಕಟ್ಟುವುದೂ ಅದೇ ಕಾರಣಕ್ಕೆ ಕೆಟ್ಟದ್ದು.

ಹೆಚ್ಚು ಜಗಳ ಆಗಿದ್ದು ಹುಲ್ಲು ನೆನೆಸುವುದಕ್ಕೆ. ಒಣಹುಲ್ಲನ್ನು ಅರ್ಧ ಗಂಟೆ ಪೂರ್ತಿ ನೀರಿನಲ್ಲಿ ಮುಳುಗಿಸಿ, ಸೋರಿಸಿ, ಹಸಿಯಾಗಿರುವಾಗಲೇ ಕೊಡಬೇಕು. ಚೊಂಬಿನಿಂದ ಮೇಲೆ ಚಿಮುಕಿಸಿದರೆ ಸಾಲದು, ಒಳಗಿನ ಧೂಳು ಹಾಗೇ ಇರುತ್ತದೆ. ಭಾಯ್ ಮಾತ್ರ ಒಪ್ಪಲೊಲ್ಲರು.

“ನೆಂದ ಹುಲ್ಲು ತಿಂದ್ರೆ ಹೊಟ್ಟೆನೋವು ಬರುತ್ತೆ ಅಕ್ಕಾ. ನಮ್ಮಪ್ಪನ ಕಾಲದಿಂದ ಕುದುರೆ ಇಟ್ಟಿದ್ದೀವಿ.”

“ಹೊಲದಲ್ಲಿ ಮಂಜು ಬಿದ್ದ ಗರಿಕೆ ತಿನ್ನಲ್ವಾ ಭಾಯ್?”

“ಅದು ದೇವರು ನೆನೆಸಿದ್ದು.”

ಕೊನೆಗೆ ನಾನೇ ಒಂದು ನೀಲಿ ಡ್ರಮ್ಮು ಕೊಡಿಸಿದೆ. ಮೊದಲ ಕಂತೆ ಎತ್ತಿದಾಗ ಡ್ರಮ್ಮಿನ ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು, ಮೇಲೆ ಬೂದು ನೊರೆ. ಭಾಯ್ ಅದನ್ನೇ ನೋಡುತ್ತಾ ನಿಂತರು. “ಇಷ್ಟೂ ಅವಳ ಒಳಗೆ ಹೋಗ್ತಿತ್ತಾ?” ಅಂದರು. ಅಲ್ಲಿಗೆ ಜಗಳ ಮುಗಿಯಿತು. ಆ ನೀರಿಗೆ ಎರಡನೇ ಕಂತೆ ಹಾಕಬಾರದು, ಚೆಲ್ಲಬೇಕು. ನೆನೆದದ್ದು ತಿಂದು ಉಳಿದರೆ ಸಂಜೆಗೆ ಇಡಬಾರದು, ಬಿಸಿಲಿಗೆ ಹುಳಿಯುತ್ತದೆ. ಒಣಗಿದರೆ ಮತ್ತೆ ಧೂಳು. ಇನ್ನೊಂದು ಮಾತು: ಪೂರ್ತಿ ಬೂಷ್ಟು ಹಿಡಿದ ಹುಲ್ಲನ್ನು ಎಷ್ಟು ನೆನೆಸಿದರೂ ಅದು ಮೇವಾಗುವುದಿಲ್ಲ.

ಹಸಿ ಮೇವು ಸಿಕ್ಕರೆ ಇಷ್ಟೆಲ್ಲ ತಾಪತ್ರಯವೇ ಇಲ್ಲ. ಕೆರೆ ಏರಿ ಕೆಳಗಿನ ಗರಿಕೆ ಅವಳಿಗೆ ಪಂಚಪ್ರಾಣ. ಮಳೆಗಾಲದಲ್ಲಿ ಉದ್ದ ಹಗ್ಗ ಕಟ್ಟಿ ಅಲ್ಲೇ ಮೇಯಲು ಬಿಡುತ್ತಾರೆ. ನೇಪಿಯರ್ ಹುಲ್ಲು ಎಲ್ಲ ಕಡೆ ಸಿಗುತ್ತದೆ, ಆದರೆ ಅದನ್ನೇ ನೆಚ್ಚಿಕೊಳ್ಳಬೇಡಿ ಅಂದರು ಡಾಕ್ಟರು. ಅದರಲ್ಲಿನ ಆಕ್ಸಲೇಟ್ ಕುದುರೆಗೆ ಕ್ಯಾಲ್ಸಿಯಂ ದಕ್ಕಲು ಬಿಡುವುದಿಲ್ಲ, ಜೊತೆಗೆ ಬೂಸಾ ತೌಡು ಜಾಸ್ತಿಯಾದರೆ ಮೂಳೆಗೆ ಪೆಟ್ಟು. ಹುರುಳಿ ಬೇಯಿಸಿ ಹಾಕುವುದು ಮುಂಚಿನ ಹಾಗೇ ನಡೆದಿದೆ. ಬೂಸಾ ಮಾತ್ರ ಈಗ ಒದ್ದೆ ಮಾಡಿ ಕಲಸುತ್ತಾರೆ.

ಔಷಧಿಯ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಇದನ್ನು ಓದಿ ಯಾರೂ ಸ್ವಂತ ಡಾಕ್ಟರಿಕೆ ಮಾಡಬಾರದು. ಮೊದಲು ಡೆಕ್ಸಾಮೆಥಾಸೋನ್ ಅನ್ನುವ ಸ್ಟಿರಾಯ್ಡ್ ಇಂಜೆಕ್ಷನ್, ಆಮೇಲೆ ಅದೇ ಗುಂಪಿನ ಪ್ರೆಡ್ನಿಸೋಲೋನ್ ಮಾತ್ರೆ, ನಿಧಾನಕ್ಕೆ ಇಳಿಸುತ್ತಾ. ಚಾಂದನಿ ಸುಮಾರು 350 ಕಿಲೋ, ಮನುಷ್ಯರ ಮಾತ್ರೆ ಸ್ಟ್ರಿಪ್ಪುಗಟ್ಟಲೆ ಪುಡಿ ಮಾಡಿ ಬೆಲ್ಲದಲ್ಲಿ ಕಲಸಬೇಕು. ಚೀಟಿ ನೋಡಿದ ನನ್ನ ಅಂಗಡಿ ಹುಡುಗ ಸೊನ್ನೆ ಹೆಚ್ಚಾಗಿದೆ ಅಂತ ಡಾಕ್ಟರಿಗೆ ಫೋನು ಹಚ್ಚಿದ್ದ. ನಮ್ಮ ಕಸುಬಿನವರಿಗೆ ಒಂದು ಕಿವಿಮಾತು: ಪ್ರೆಡ್ನಿಸೋಲೋನ್ ಇಲ್ಲ ಅಂತ ಪ್ರೆಡ್ನಿಸೋನ್ ಕೊಡಬೇಡಿ. ಮನುಷ್ಯರಲ್ಲಿ ಲಿವರ್ ಅದನ್ನು ಬದಲಾಯಿಸಿಕೊಳ್ಳುತ್ತದೆ. ಕುದುರೆಗೆ ಬಾಯಲ್ಲಿ ಕೊಟ್ಟರೆ ಅದು ಸರಿಯಾಗಿ ಹೀರಿಕೊಳ್ಳುವುದೂ ಇಲ್ಲ, ಕೊಟ್ಟದ್ದು ದಂಡ. ಸ್ಟಿರಾಯ್ಡಿನಿಂದ ಕೆಲವು ಕುದುರೆಗಳಿಗೆ ಗೊರಸಿನ ಒಳಗೆ ಉರಿಯೂತ ಆಗಬಹುದು, ಕುಂಟಾಗಿಬಿಡುತ್ತವೆ. ಹಾಗಾಗಿ ಆ ದಿನಗಳಲ್ಲಿ ಭಾಯ್ ಬೆಳಗ್ಗೆ ಎದ್ದ ಕೂಡಲೇ ನಾಲ್ಕೂ ಗೊರಸು ಮುಟ್ಟಿ ಬಿಸಿ ನೋಡುತ್ತಿದ್ದರು.

ಮತ್ತೆ ಇನ್‌ಹೇಲರ್. ಹೌದು, ಅದೇ ನೀಲಿ ಪಂಪು, ಒಳಗಿರುವುದು ಅದೇ ಸಾಲ್ಬುಟಮಾಲ್. ಒಂದು ಪಫ್‌ಗೆ 100 ಮೈಕ್ರೋಗ್ರಾಂ, ಮನುಷ್ಯರಿಗೆ ಎರಡು ಸಾಕು, ಇವಳಿಗೆ ಅದರ ಹಲವು ಪಟ್ಟು. ಫಾರಿನ್ನಿನಲ್ಲಿ ಕುದುರೆಯ ಹೊಳ್ಳೆಗೆ ಕೂರುವ ಸ್ಪೇಸರ್, ಅಂದರೆ ಪಂಪಿಗೂ ಮೂಗಿಗೂ ನಡುವೆ ಇಡುವ ಡಬ್ಬಿ, ಸಿಗುತ್ತದೆ. ಯುರೋಪಿನಲ್ಲಿ 2020ರಲ್ಲಿ ಕುದುರೆಗೆಂದೇ ಮಾಡಿದ, ಸೈಕ್ಲಿಸೊನೈಡ್ ಅನ್ನುವ ಸ್ಟಿರಾಯ್ಡಿನ ಇನ್‌ಹೇಲರ್ ಕೂಡ ಬಂದಿತ್ತು. ನನ್ನ ಸಪ್ಲೈಯರ್ ಪಟ್ಟಿಯಲ್ಲಿ ಅಂಥದ್ದು ಎಲ್ಲಿ ಬರಬೇಕು? ಡಾಕ್ಟರು ಹೇಳಿದ ಹಾಗೆ ಭಾಯ್ ಮಗ ಒಂದು ಪ್ಲಾಸ್ಟಿಕ್ ಬಾಟಲಿ ಕೊಯ್ದು, ಅಂಚಿಗೆ ಸೈಕಲ್ ಟ್ಯೂಬು ಸುತ್ತಿ, ಒಂದು ಹೊಳ್ಳೆಗೆ ಕೂರುವ ಹಾಗೆ ಮಾಡಿದ, ಇನ್ನೊಂದು ಹೊಳ್ಳೆ ತೆರೆದೇ ಇರಬೇಕು. ಪಂಪಿನ ‘ಪುಸ್’ ಶಬ್ದಕ್ಕೆ ಚಾಂದನಿ ಮೊದಲು ಬೆಚ್ಚುತ್ತಿದ್ದಳು. ಪಟಾಕಿಗೆ, ಬ್ಯಾಂಡಿಗೆ ಬೆಚ್ಚದ ಕುದುರೆ! ಬಾಯಿಗೆ ಬೆಲ್ಲ ಇಟ್ಟುಕೊಂಡು ಅಭ್ಯಾಸ ಮಾಡಿಸಿದರು. ಸಾಲ್ಬುಟಮಾಲ್ ಪರಿಣಾಮ ಒಂದೆರಡು ಗಂಟೆ ಮಾತ್ರ, ಉಸಿರು ಕಟ್ಟಿದಾಗಿನ ಆಸರೆ. ದಿನಾ ಕೊಡುವಂಥದ್ದಲ್ಲ. ಈಗ ಬಾಟಲಿ ಗೂಡಿನಲ್ಲಿದೆ, ತೆಗೆಯುವುದು ಅಪರೂಪ.

ಶೆಡ್ಡು ಬದಲಾದ ಮೇಲೆ ಉಸಿರು ಹದಕ್ಕೆ ಬರಲು ವಾರಗಳೇ ಹಿಡಿದವು. ಕೆಡಲು ಅಷ್ಟು ಹೊತ್ತು ಬೇಡ. ಒಂದು ಮದುವೆಗೆ ಹಳ್ಳಿಗೆ ಹೋದಾಗ ಅಲ್ಲಿನವರು ಪ್ರೀತಿಯಿಂದ ತಮ್ಮ ಕೊಟ್ಟಿಗೆಯಲ್ಲಿ ಕಟ್ಟಿ, ಮುಂದೆ ಒಣಹುಲ್ಲು ಸುರಿದಿದ್ದರು. ಭಾಯ್ ಊಟ ಮುಗಿಸಿ ಬರುವಷ್ಟರಲ್ಲಿ ಹೊಟ್ಟೆ ಮತ್ತೆ ಎರಡೆರಡು ಸಲ ಹಿಂಡಿಕೊಳ್ಳುತ್ತಿತ್ತು. ಅಂದಿನಿಂದ ಎಲ್ಲಿಗೆ ಹೋದರೂ ಆಪೆ ಗಾಡಿಯಲ್ಲಿ ಅವಳ ಮೇವು, ಅವಳ ಬಕೆಟ್ಟು ಜೊತೆಗೇ ಹೋಗುತ್ತದೆ.

ಮೆರವಣಿಗೆಯ ಕಥೆ ಬೇರೆ. ಜನರೇಟರ್ ಹೊಗೆ, ಬಣ್ಣದ ಕಾಗದದ ಗನ್ನು, ಈಗ ಹೊಸದಾಗಿ ಬಣ್ಣದ ಹೊಗೆ ಬಿಡುವ ಡಬ್ಬ ಬೇರೆ. ಕುದುರೆ ಮುಂದೆ ಹೊಗೆ ಬಿಡಬಾರದು, ಪಟಾಕಿ ದೂರದಲ್ಲಿ, ಅಂತ ಭಾಯ್ ಈಗ ಅಡ್ವಾನ್ಸ್ ತೆಗೆದುಕೊಳ್ಳುವಾಗಲೇ ಹೇಳುತ್ತಾರೆ. ಹಾಗಂದಿದ್ದಕ್ಕೆ ಕೆಲವು ಬುಕಿಂಗ್ ಹೋಗಿವೆ. ‘ಕುದುರೆಗೆ ಅಸ್ತಮಾನಾ?’ ಅಂತ ನಗುತ್ತಾರಂತೆ. ನಗಲಿ. ಆ ಹೊಗೆ ಗಂಡಿನ ಅಜ್ಜಿಗೂ ಒಳ್ಳೆಯದಲ್ಲ, ಅವರ ಇನ್‌ಹೇಲರ್ ನನ್ನ ಅಂಗಡಿಯದೇ ಇರುತ್ತದೆ.

ಈಗ ಉಳಿದಿರುವುದು ಈ ವರ್ಷದ ಹುಲ್ಲಿನ ಪ್ರಶ್ನೆ. ಭಾಯ್‌ಗೆ ಬೇಲ್ ಬೇಡ. ಕೈಯಲ್ಲಿ ಕೊಯ್ದು, ಮಳೆಗೆ ಸಿಗದೆ ಚೆನ್ನಾಗಿ ಒಣಗಿದ ಬಿಡಿ ಹುಲ್ಲು ಬೇಕು. ಭತ್ತದ್ದಾದರೂ ಸರಿ, ರಾಗಿಯದಾದರೂ ಸರಿ. ಆಲೂರು, ಹೊಳೆನರಸೀಪುರ, ಅರಕಲಗೂಡು ಕಡೆ ಅಂಥ ಹುಲ್ಲು ಕೊಡುವವರು ಯಾರಾದರೂ ಇದ್ದರೆ ಕೆಳಗೆ ಒಂದು ಮಾತು ಬರೆಯಿರಿ. ನೋಡಿ, ಮೂಸಿ, ಕೊಡವಿ ತೆಗೆದುಕೊಳ್ಳುತ್ತಾರೆ. ರೇಟು ಸ್ವಲ್ಪ ಜಾಸ್ತಿಯಾದರೂ ಕೊಡುತ್ತಾರೆ, ಗಾಡಿ ಬಾಡಿಗೆಯೂ ಅವರದ್ದೇ.